ಎರಡು ತೂತುಗಳ ನಡುವಿನ ದಾರಿ

ಹ್ಯಾಂಗರಿನ ಬಾಗಿಲಲ್ಲೇ ನನ್ನ ಪೆನ್ಸಿಲ್ ಹೋಯಿತು. ವಿಮಾನ ರಿಪೇರಿಯ ಮೇಸ್ತ್ರಿ ಕೈಯೊಡ್ಡಿ ಕೇಳಿದರು, ಕೊಟ್ಟೆ. ಅದನ್ನು ಮೇಜಿನ ಮೇಲಿದ್ದ, ಕಾಫಿ ಕಲೆ ಹಿಡಿದ ಮಗ್ಗಿಗೆ ಹಾಕಿ ಬದಲಿಗೊಂದು ಸ್ಕೆಚ್ ಪೆನ್ ಕೊಟ್ಟರು. ಯಾಕೆಂದು ಅವರು ಹೇಳಲಿಲ್ಲ. ಪರೀಕ್ಷೆ ಕೋಣೆಗೆ ಬಂದ ಹುಡುಗಿಯ ಹಾಗೆ ನಾನೂ ಕೇಳಲಿಲ್ಲ.

ಊರು ಅಮೆರಿಕದ ಮಿನೆಸೋಟ ರಾಜ್ಯದ ಸೌತ್ ಸೇಂಟ್ ಪಾಲ್. ಮಿಸ್ಸಿಸಿಪ್ಪಿ ನದಿಯ ಮಗ್ಗುಲಲ್ಲಿ ಫ್ಲೆಮಿಂಗ್ ಫೀಲ್ಡ್ ಎಂಬ ಪುಟ್ಟ ವಿಮಾನ ನಿಲ್ದಾಣ. ನಿಲ್ದಾಣ ಅಂದ ಕೂಡಲೇ ದೇವನಹಳ್ಳಿಯನ್ನು ನೆನೆಯಬೇಡಿ. ಇಲ್ಲಿ ಟಿಕೆಟ್ ತೆಗೆಸಿ ಹತ್ತುವ ವಿಮಾನಗಳಿಲ್ಲ, ಕಂಟ್ರೋಲ್ ಟವರ್ ಕೂಡ ಇಲ್ಲ. ಅಡಿಕೆ ಮಂಡಿಯ ಗೋದಾಮುಗಳಂತೆ ಸಾಲಾಗಿ ನಿಂತ ತಗಡಿನ ಶೆಡ್ಡುಗಳು, ಒಳಗೆ ಒಂದೋ ಎರಡೋ ಸಣ್ಣ ವಿಮಾನಗಳು. ನವೆಂಬರ್ ತಿಂಗಳು. ವರ್ಷದ ಮೊದಲ ಹಿಮ ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ಬಿದ್ದಿತ್ತು.

ನನ್ನ ತಂಗಿಯ ಮಗ ಮತ್ತು ಅವನ ಮೂವರು ಗೆಳೆಯರು ಸೇರಿ ಕೊಂಡ ವಿಮಾನ ಇಂಥದೊಂದು ಶೆಡ್ಡಿನಲ್ಲಿದೆ. ಎಪ್ಪತ್ತರ ದಶಕದ ಸೆಸ್ನಾ 172. ನಾಲ್ಕು ಸೀಟು, ಒಂದು ಎಂಜಿನ್, ಮೇಲೆ ಕೊಡೆ ಬಿಚ್ಚಿದಂತೆ ರೆಕ್ಕೆ. ಎರಡು ವಾರದ ಹಿಂದೆ ಅವನು ಹಾರಿ ಬಂದು ತಲೆನೋವು ಅಂತ ಮಲಗಿದ್ದ. ರಾತ್ರಿಯೆಲ್ಲ ಲ್ಯಾಪ್‌ಟಾಪ್ ಹಿಡಿದರೆ ಇನ್ನೇನಾಗುತ್ತೆ ಅಂತ ನಾವು ಅಕ್ಕತಂಗಿಯರು ಬೈದು ಕಷಾಯ ಕೊಟ್ಟೆವು. ಮುಂದಿನ ಭಾನುವಾರ ಗೆಳೆಯನೊಬ್ಬ ಜೇಬಿನಲ್ಲಿ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದೊಂದು ಮೀಟರ್ ಇಟ್ಟುಕೊಂಡು ಜೊತೆಗೆ ಹಾರಿದ. ನೆಲ ಬಿಟ್ಟು ಮೇಲೇರುತ್ತಿದ್ದಾಗ ಅದು ಕೀಚಲು ದನಿಯಲ್ಲಿ ಕೂಗಿತು. ಕಾರ್ಬನ್ ಮಾನಾಕ್ಸೈಡ್, 60 ಪಿಪಿಎಂ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅರವತ್ತು ಪಾಲು ವಿಷ. ಅಲ್ಲಿಂದಲೇ ತಿರುಗಿ ಬಂದು ಇಳಿದರು.

"ಬಾ ದೊಡ್ಡಮ್ಮ, ನಿನ್ನ ಕಷಾಯಕ್ಕೆ ಬಗ್ಗದ ಕಾಯಿಲೆ ತೋರಿಸ್ತೀನಿ" ಅಂತ ಕರೆದ. ಹೋದೆ.

ಈ ಅನಿಲ ನನಗೆ ಹೊಸದಲ್ಲ, ಹೆಸರು ಮಾತ್ರ ಹೊಸದು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟರೆ ಅಜ್ಜಿ ಕಿಟಕಿಯ ಒಂದು ಹಲಗೆಯನ್ನು ತೆರೆದೇ ಇಡುತ್ತಿದ್ದರು. ಮಳೆಗಾಲದ ಇರಚಲು ಒಳಗೆ ಬಂದರೂ ಮುಚ್ಚಗೊಡುತ್ತಿರಲಿಲ್ಲ. ಈಗ ಬೆಂಗಳೂರಿನಲ್ಲಿ ಕಿಂಡಿ ಮುಚ್ಚಿದ ಬಚ್ಚಲುಮನೆಯ ಗ್ಯಾಸ್ ಗೀಸರ್ ಅದೇ ಕೆಲಸ ಮಾಡುತ್ತದೆ, ಪತ್ರಿಕೆಯಲ್ಲಿ ನಾಲ್ಕು ಸಾಲು ಸುದ್ದಿಯಾಗುತ್ತದೆ. ಉರಿಗೆ ಸಾಕಷ್ಟು ಗಾಳಿ ಸಿಗದಿದ್ದರೆ ಹುಟ್ಟುವ ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಗಂಟಲಿಗೆ ತುರಿಕೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಆಸೆಯಿಂದ ಇದನ್ನು ಅಪ್ಪಿಕೊಳ್ಳುತ್ತದೆ. ಅಪ್ಪಿದ್ದನ್ನು ಸುಲಭಕ್ಕೆ ಬಿಡುವುದೂ ಇಲ್ಲ. ಒಳ್ಳೆಯ ಗಾಳಿಗೆ ಬಂದ ಮೇಲೂ ಅರ್ಧದಷ್ಟು ಹೊರಹೋಗಲು ನಾಲ್ಕೈದು ಗಂಟೆ ಬೇಕು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದು ಸೇರಿದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರನ್ನೂ ಇದು ಏಮಾರಿಸುತ್ತದೆ. ಆಮ್ಲಜನಕ ಹೊತ್ತ ರಕ್ತಕ್ಕೂ ಈ ವಿಷ ಹೊತ್ತ ರಕ್ತಕ್ಕೂ ಆ ಯಂತ್ರಕ್ಕೆ ವ್ಯತ್ಯಾಸ ತಿಳಿಯದು, ತೊಂಬತ್ತೆಂಟು ಅಂತ ನಗುನಗುತ್ತ ತೋರಿಸುತ್ತದೆ.

ವಿಮಾನದಲ್ಲಿ ಇನ್ನೊಂದು ಕಷ್ಟ ಸೇರುತ್ತದೆ. ಮೇಲೆ ಏರಿದಷ್ಟೂ ಗಾಳಿ ತೆಳು. ನೆಲದ ಮೇಲೆ ಬರೀ ತಲೆನೋವು ತರುವಷ್ಟು ವಿಷ ಎಂಟು ಸಾವಿರ ಅಡಿಯಲ್ಲಿ ಬುದ್ಧಿಗೆ ಮಂಕು ಕವಿಸಬಹುದು. ಮಂಕು ಕವಿದವನಿಗೆ ತನಗೆ ಮಂಕು ಕವಿದಿದೆ ಅಂತ ಗೊತ್ತಾಗುವುದಿಲ್ಲ.

ಮೊದಲು ನನ್ನನ್ನು ಒಳಗೆ ಕೂರಿಸಿದರು. ಎರಡು ಸೀಟಿನ ನಡುವೆ ಒಂದು ಗೇಣು ಜಾಗ, ಹಳೆಯ ಅಂಬಾಸಿಡರಿನಷ್ಟೂ ಅಗಲವಿಲ್ಲ. ಎದುರಿನ ಗಡಿಯಾರಗಳ ಪಕ್ಕ ಒಂದು ರಟ್ಟಿನ ಚೀಟಿ ಅಂಟಿಸಿತ್ತು, ನಡುವೆ ಕಿತ್ತಳೆ ಬಣ್ಣದ ಬೊಟ್ಟು. ವಿಷ ಇದ್ದರೆ ಬೊಟ್ಟು ಕಪ್ಪಾಗಬೇಕು. ಪೊಟ್ಟಣ ಒಡೆದ ಕೆಲವೇ ತಿಂಗಳಿಗೆ ಅದರ ಆಯಸ್ಸು ಮುಗಿಯುತ್ತದೆ. ಈ ಚೀಟಿಯ ಮೇಲಿನ ತಾರೀಖು ಎರಡು ವರ್ಷ ಹಳೆಯದು, ಬಿಸಿಲಿಗೆ ಬೊಟ್ಟು ಬಿಳಿಚಿಕೊಂಡಿತ್ತು. ಹೊಸದೇ ಆಗಿದ್ದರೂ ಅದು ಕೂಗಿ ಕರೆಯುವುದಿಲ್ಲ, ನಾವಾಗಿಯೇ ಕಣ್ಣು ಹಾಯಿಸಬೇಕು. ಮಂಪರಿನಲ್ಲಿರುವವನು ಬೊಟ್ಟಿನ ಬಣ್ಣ ನೋಡುತ್ತಾನೆಯೇ? ಮೇಸ್ತ್ರಿ ಅದನ್ನು ಉಗುರಿನಿಂದ ಕೆರೆದು ಕಿತ್ತು, ಮಾತಾಡದೆ ಕಸದ ಡಬ್ಬಿಗೆ ಎಸೆದರು.

ಈ ಅನಿಲಕ್ಕೆಂದೇ ಮನೆಗೆ ಹಾಕುವ ಅಲಾರಂ ಇಲ್ಲಿ ಯಾಕೆ ಬೇಡ ಅಂತ ಕೇಳಿದೆ. ತಂಗಿಯ ಮನೆಯ ಮಹಡಿಯಲ್ಲಿ ಅಂಥದೊಂದಿದೆ, ನಾನು ಒಗ್ಗರಣೆ ಹಾಕಿದಾಗ ಕೂಗುವುದು ಅದೇ ಅಂತ ತಿಳಿದಿದ್ದೆ. ಅದು ಹೊಗೆಯ ಅಲಾರಂ, ಇದು ಬೇರೆ ಅಂತ ಹುಡುಗ ತಿದ್ದಿದ. ಅಮೆರಿಕದಲ್ಲಿ ಮನೆಯ ಅಲಾರಮ್ಮಿಗೊಂದು ಶಿಸ್ತು ಹಾಕಿದ್ದಾರೆ. 30 ಪಿಪಿಎಂ ಇದ್ದರೆ ತಿಂಗಳಾದರೂ ಸುಮ್ಮನಿರಬೇಕು, 70 ಇದ್ದರೆ ಒಂದು ಗಂಟೆಗೆ ಮೊದಲು ಬಾಯಿ ಬಿಡಬಾರದು. ಮಾತು ಮಾತಿಗೂ ಕೂಗಿ ಅಗ್ನಿಶಾಮಕದವರನ್ನು ಎಬ್ಬಿಸದಿರಲಿ ಅಂತ. ಮನೆಯಲ್ಲಾದರೆ ಒಂದು ಗಂಟೆ ಕಾಯಬಹುದು. ಇಲ್ಲಿ ಒಂದು ಗಂಟೆಯಲ್ಲಿ ವಿಮಾನ ಎರಡು ಜಿಲ್ಲೆ ದಾಟಿರುತ್ತದೆ. ಹಾಗಾಗಿ ಬೇಗ ಬಾಯಿ ಬಿಡುವ, ಅಂಕಿ ತೋರಿಸುವ ಮೀಟರ್ ಬೇಕು. ಸಣ್ಣ ವಿಮಾನದ ವಿನ್ಯಾಸಕ್ಕೆ ಅಮೆರಿಕ ಇಟ್ಟುಕೊಂಡು ಬಂದ ಮಿತಿ 20,000ದಲ್ಲಿ ಒಂದು ಪಾಲು, ಅಂದರೆ 50 ಪಿಪಿಎಂ. ಮೇಸ್ತ್ರಿ ಆ ಮಿತಿಗೆ ಅಷ್ಟೇನೂ ಮರ್ಯಾದೆ ಕೊಡುವವರಲ್ಲ. ಹಾರುತ್ತಿರುವಾಗ ಎರಡಂಕಿ ಕಂಡರೆ ಹುಡುಕು ಅನ್ನುವುದು ಅವರ ಲೆಕ್ಕ.

ಇನ್ನು ಮೂತಿಗೆ ಬರೋಣ. ಎಂಜಿನ್ನಿನ ಮೇಲಿನ ತಗಡು ಬಿಚ್ಚಿಟ್ಟಿದ್ದರು. ಒಳಗೆ ನಾಲ್ಕು ಸಿಲಿಂಡರು, ಗಾಳಿಯಿಂದಲೇ ತಣ್ಣಗಾಗುವ ಎಂಜಿನ್. ನಾಲ್ಕರ ಹೊಗೆಯೂ ಕೊಳವೆಗಳಲ್ಲಿ ಇಳಿದು ಒಂದು ಉದ್ದನೆ ಡಬ್ಬಿಗೆ ಸೇರುತ್ತದೆ. ಇವರು ಮಫ್ಲರ್ ಅನ್ನುತ್ತಾರೆ, ನಮ್ಮ ಗ್ಯಾರೇಜುಗಳ ಬಾಯಲ್ಲಿ ಸೈಲೆನ್ಸರ್. ಕಾರಿನ ಹೀಟರಿಗೆ ರೇಡಿಯೇಟರಿನ ಬಿಸಿನೀರು ಇದೆ, ಇಲ್ಲಿ ನೀರೇ ಇಲ್ಲ. ಹಾಗಾಗಿ ಸೈಲೆನ್ಸರಿನ ಮೇಲೆ ಇನ್ನೊಂದು ತೆಳು ತಗಡಿನ ಅಂಗಿ ತೊಡಿಸುತ್ತಾರೆ. ಅಂಗಿಗೂ ಡಬ್ಬಿಗೂ ನಡುವಿನ ಸಂದಿಯಲ್ಲಿ ಹೊರಗಿನ ತಣ್ಣನೆ ಗಾಳಿ ಹರಿಯುತ್ತದೆ, ಕಾದ ಡಬ್ಬಿಯ ಮೈ ಸವರಿ ಬಿಸಿಯಾಗುತ್ತದೆ, ಕೆಂಪು ರಬ್ಬರ್ ಬಟ್ಟೆಯ ಸುರುಳಿ ಕೊಳವೆಯಲ್ಲಿ ಹಾದು ನೇರ ಪೈಲಟ್ಟಿನ ಕಾಲಬುಡಕ್ಕೆ ಬರುತ್ತದೆ. ಒಳಗಿನಿಂದ ಒಂದು ಗುಂಡಿ ಎಳೆದರೆ ಸಾಕು.

ಜಾಣತನವೇ. ಹಂಡೆಯೊಲೆಯ ಬಿಸಿಯಲ್ಲೇ ಬಟ್ಟೆ ಒಣಗಿಸಿಕೊಳ್ಳುವ ನಮ್ಮ ಮಲೆನಾಡಿನ ಜಾಣತನ. ಆದರೆ ವಿಷಕ್ಕೂ ಉಸಿರಿಗೂ ನಡುವೆ ಇರುವುದು ಒಂದೇ ಒಂದು ಪದರ ಸ್ಟೀಲು, ಅದೂ ಕಾಗದದಷ್ಟು ಅಲ್ಲದಿದ್ದರೂ ತಟ್ಟೆಯಷ್ಟು ತೆಳು. ಅದು ಏಳುನೂರು ಡಿಗ್ರಿಯ ಆಸುಪಾಸಿನ ಹೊಗೆಯನ್ನು ನುಂಗುತ್ತದೆ, ಇಳಿದ ಮೇಲೆ ಮಿನೆಸೋಟದ ಚಳಿಗೆ ಸೆಟೆದುಕೊಳ್ಳುತ್ತದೆ, ಸದಾ ನಡುಗುತ್ತಿರುತ್ತದೆ. ಸ್ಟೀಲು ಎಷ್ಟು ದಿನ ತಾಳೀತು? ಅಪಘಾತಗಳ ದಾಖಲೆ ಕೆದಕಿ ಅಮೆರಿಕದ ವಿಮಾನಯಾನ ಇಲಾಖೆ 2009ರಲ್ಲಿ ಹೊರತಂದ ಅಧ್ಯಯನವೊಂದು ಕಂಡುಕೊಂಡ ಮೊದಲ ಕಳ್ಳ ಈ ಸೈಲೆನ್ಸರೇ. ಸಾವಿರ ಗಂಟೆ ಹಾರಿದ ಡಬ್ಬಿಯನ್ನು ನಂಬಬೇಡಿ ಎಂಬುದು ಅದರ ಸಲಹೆ.

ಬೇಸಿಗೆಯಿಡೀ ಹೀಟರ್ ಮುಚ್ಚಿರುವುದರಿಂದ ಬಿರುಕು ಬಿಟ್ಟದ್ದು ಯಾರಿಗೂ ತಿಳಿಯುವುದಿಲ್ಲ. ಚಳಿಯ ಮೊದಲ ದಿನ ಗುಂಡಿ ಎಳೆದಾಗ ತಿಳಿಯುತ್ತದೆ. ಕೆಲವೊಮ್ಮೆ ಆಗಲೂ ತಿಳಿಯುವುದಿಲ್ಲ. ಇದೇ ರಾಜ್ಯದಲ್ಲಿ 2017ರ ಫೆಬ್ರುವರಿಯ ಒಂದು ಬೆಳಿಗ್ಗೆ ಡುಲೂತ್ ಊರಿನಿಂದ ಒಬ್ಬ ಪೈಲಟ್ ತನ್ನ ಮೂನಿ ವಿಮಾನದಲ್ಲಿ ಒಬ್ಬನೇ ಹೊರಟ. ಸಾಗಬೇಕಾದ ಎತ್ತರ ತಲುಪಿ ಆಟೊಪೈಲಟ್ ಹಾಕಿದ, ಅಷ್ಟೇ ಅವನ ನೆನಪು. ಮಲಗಿದವನನ್ನು ಹೊತ್ತುಕೊಂಡು ವಿಮಾನ ತಾನು ಇಳಿಯಬೇಕಾದ ಊರನ್ನೂ ದಾಟಿ ಸಾಗಿತು, ಪೆಟ್ರೋಲು ಬತ್ತಿದ ಮೇಲೆ ತಾನಾಗಿ ಜಾರಿ ಎಲೆಂಡೇಲ್ ಹತ್ತಿರದ ಹಿಮ ಮುಚ್ಚಿದ ಹೊಲದಲ್ಲಿ ಬಿತ್ತು. ಎಚ್ಚರವಾದಾಗ ಅವನು ಮುರಿದ ವಿಮಾನದೊಳಗಿದ್ದ. ಎದ್ದು ಹತ್ತಿರದ ಮನೆಯವರೆಗೆ ನಡೆದ. ಸೈಲೆನ್ಸರಿನಲ್ಲಿ ಬಿರುಕಿತ್ತು. ಹಿಂದಿನ ದಿನಗಳಲ್ಲಿ ಬಂದಿದ್ದ ತಲೆನೋವಿಗೆ ಅವನೂ ಬೇರೇನೋ ಕಾರಣ ಹೇಳಿಕೊಂಡಿದ್ದನಂತೆ. ನಾನು ಹುಡುಗನ ಮುಖ ನೋಡಿದೆ. ಅವನು ಸ್ಪ್ಯಾನರ್ ಜೋಡಿಸುತ್ತಿದ್ದ.

ಆ ಪೈಲಟ್ಟಿನ ಹಾಗೆ ಏಳುವ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. ಅರ್ಜೆಂಟೀನಾದ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ 2019ರ ಜನವರಿ 21ರ ರಾತ್ರಿ ಫ್ರಾನ್ಸಿನ ನಾಂಟ್‌ನಿಂದ ಕಾರ್ಡಿಫ್‌ಗೆ ಹೋಗುತ್ತಿದ್ದಾಗ ಅವನಿದ್ದ ಪೈಪರ್ ಮಾಲಿಬು ಇಂಗ್ಲಿಷ್ ಕಾಲುವೆಗೆ ಬಿತ್ತು. ಅವನ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ 58 ಪಾಲನ್ನು ಈ ಅನಿಲ ಹಿಡಿದುಕೂತಿತ್ತು. ವಿಮಾನದಲ್ಲಿ ಕೂಗಿ ಎಚ್ಚರಿಸುವ ಮೀಟರ್ ಇರಲಿಲ್ಲ.

ಕಳೆದ ವಾರವೇ ಬಿಚ್ಚಿದ ಹಳೆಯ ಸೈಲೆನ್ಸರ್ ಕೆಲಸದ ಮೇಜಿನ ಮೇಲಿತ್ತು, ಅಂಗಿ ಕಳಚಿ. ಮೇಸ್ತ್ರಿ ನನ್ನ ಕೈಗೆ ಒಂದು ಮೆತ್ತನೆ ಸುತ್ತಿಗೆ ಕೊಟ್ಟು, ಹಗುರಾಗಿ ಬಡಿಯುತ್ತ ಹೋಗಿ ಅಂದರು. ಒಂದು ತುದಿಯಲ್ಲಿ ಟಣ್ ಅಂತು, ನಡುವೆ ಟಣ್, ಇನ್ನೊಂದು ತುದಿಯ ಬೆಸುಗೆಯ ಹತ್ತಿರ ಡಬ್. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮಮ್ಮ ಬೆರಳು ಮಡಿಸಿ ಬಡಿದು ನೋಡುತ್ತಿದ್ದ ಅದೇ ವಿದ್ಯೆ. ಡಬ್ ಅಂದ ಜಾಗಕ್ಕೆ ಟಾರ್ಚು ಹಿಡಿದರು. ಬಿರುಕು ಅಂತ ಹೇಳಿಕೊಟ್ಟ ಮೇಲಷ್ಟೇ ಕಂಡ ಕೂದಲೆಳೆ. ಅದರ ಅಂಚಿನಲ್ಲಿ ವಿಭೂತಿ ಒರೆಸಿದಂತೆ ಬೂದು ಪುಡಿ. ಸಣ್ಣ ವಿಮಾನಗಳ ಪೆಟ್ರೋಲಿನಲ್ಲಿ ಇಂದಿಗೂ ಸೀಸ ಬೆರೆಸುತ್ತಾರೆ, ಸೋರುವ ಕಡೆ ಹೊಗೆ ತನ್ನ ಗುರುತು ಬಿಟ್ಟು ಹೋಗುವುದು ಹೀಗೆ. ಒಳಗಿನ ತಡೆ ತಗಡುಗಳೂ ಸಡಿಲಾಗಿ ಗಿಲಕಿಯಂತೆ ಅಲ್ಲಾಡುತ್ತಿದ್ದವು. ಅವು ಮುರಿದು ಹೊರಬಾಯಿಗೆ ಅಡ್ಡ ನಿಂತರೆ ಎಂಜಿನ್ನಿಗೇ ಉಸಿರು ಕಟ್ಟುತ್ತದೆ, ಅದು ಬೇರೆಯದೇ ಕಥೆ.

ಅಂಗಿ ಕಳಚದೆ ಇದೊಂದೂ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಕಡ್ಡಾಯವಾದ ತಪಾಸಣೆಯಲ್ಲಿ ಅಂಗಿಯ ಸಂದಿಯಲ್ಲೇ ಟಾರ್ಚು ಹಾಕಿ ಸರಿಯಿದೆ ಅಂದು ಮುಗಿಸುವವರಿದ್ದಾರೆ. ಈ ವಿಮಾನಕ್ಕೆ ಹಿಂದೆ ಹಾಗೆಯೇ ಆಗಿತ್ತು ಅಂತ ಕಾಣುತ್ತದೆ. ಸ್ಕ್ರೂಗಳ ತಲೆಯ ಮೇಲಿನ ತುಕ್ಕು ಎಷ್ಟೋ ಕಾಲದಿಂದ ಕದಲಿರಲಿಲ್ಲ.

ಬಿರುಕಿನ ಮೇಲೆ ಗುರುತು ಹಾಕೋಣವೇ ಅಂತ ಸ್ಕೆಚ್ ಪೆನ್ ಎತ್ತಿದಾಗ ಪೆನ್ಸಿಲಿನ ಗುಟ್ಟು ಬಿಟ್ಟುಕೊಟ್ಟರು. ಎಕ್ಸಾಸ್ಟ್ ಕೊಳವೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರೆ, ಅದು ಕಾದಾಗ ಗೆರೆಯ ಕಾರ್ಬನ್ನನ್ನು ಸ್ಟೀಲು ಹೀರಿಕೊಳ್ಳುತ್ತದೆ. ಹೀರಿದ ಜಾಗ ಪೆಡಸಾಗಿ, ಎಳೆದ ಗೆರೆಯುದ್ದಕ್ಕೂ ಸೀಳುತ್ತದೆ. ಇಲ್ಲಿ ಬಿರುಕಿದೆ ಅಂತ ತೋರಿಸಲು ಹೋಗಿ ಬಿರುಕು ಬರೆದ ಹಾಗೆ. ಸತು ಲೇಪಿಸಿದ ಉಪಕರಣ ತಾಗಿದರೂ ಅದೇ ಗತಿ. ವಿಮಾನ ರಿಪೇರಿಯ ಕೈಪಿಡಿಗಳಲ್ಲಿ ಇದು ಅಚ್ಚಾಗಿದೆ. ಪೆನ್ಸಿಲ್ ಹಿಡಿದು ಬಂದ ಬರಹಗಾರರು ಹ್ಯಾಂಗರಿನೊಳಗೆ ಏನೇನು ಮುಟ್ಟುತ್ತಾರೋ ಅನ್ನುವ ಭಯ ಅವರದು. ಒಪ್ಪಿದೆ.

ಈ ತೆಳು ತಗಡಿಗೆ ಪಕ್ಕದ ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸುವಂತಿಲ್ಲ. ಪರವಾನಗಿ ಇರುವ ಕಾರ್ಖಾನೆಗೆ ಹಳೆಯದನ್ನು ಕೊಟ್ಟು, ಅವರು ದುರಸ್ತಿ ಮಾಡಿದ್ದನ್ನೋ ಹೊಸದನ್ನೋ ತರಬೇಕು. ಹೊಸದು ಬಂದು ಕೂತಿತ್ತು. ಅದನ್ನು ಪರೀಕ್ಷಿಸುವ ರೀತಿ ನೋಡಿ ನನಗೆ ನಗು ಬಂತು. ಕಸ ಎಳೆಯುವ ವ್ಯಾಕ್ಯೂಮ್ ಕ್ಲೀನರನ್ನು ತಿರುಗಿಸಿ, ಅದರ ಗಾಳಿ ಊದುವ ಬಾಯನ್ನು ಹೊಗೆ ಕೊಳವೆಗೆ ಸಿಕ್ಕಿಸಿ ಸುತ್ತ ಬಟ್ಟೆ ತುರುಕಿದರು. ಆಮೇಲೆ ಪಾತ್ರೆ ತೊಳೆಯುವ ಸೋಪಿನ ನೀರನ್ನು ಎಲ್ಲ ಬೆಸುಗೆಗಳಿಗೂ ಚಿಮುಕಿಸಿದರು. ಪಂಕ್ಚರ್ ಅಂಗಡಿಯ ನೀರಿನ ತೊಟ್ಟಿಯೇ ಇಲ್ಲಿಗೆ ಬಂದ ಹಾಗಿತ್ತು. ಕೊಳವೆಗಳು ಒಂದರೊಳಗೊಂದು ಜಾರಿ ಕೂರುವ ಕೀಲುಗಳಲ್ಲಿ ಅಷ್ಟಿಷ್ಟು ಗುಳ್ಳೆ ಎದ್ದಿತು. ಕಾದಾಗ ಹಿಗ್ಗಿ ಬಿಗಿಯಾಗುವ ಜಾಗ ಅದು, ಅಲ್ಲಿ ಚೂರು ಸೋರಿದರೆ ತಪ್ಪಲ್ಲ. ಬೆಸುಗೆಯ ಮೇಲೆ ಒಂದು ಗುಳ್ಳೆ ಎದ್ದರೂ ತಪ್ಪು. ಏಳಲಿಲ್ಲ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿದಿದ್ದರೆ ನನ್ನನ್ನು ಕರೆಯುತ್ತಲೂ ಇರಲಿಲ್ಲ. ಹೊಸ ಸೈಲೆನ್ಸರ್ ಹಾಕಿ, ಹೀಟರ್ ಪೂರ್ತಿ ಮುಚ್ಚಿ ಹಾರಿದಾಗಲೂ ಮೇಲೇರುವ ಹೊತ್ತಿಗೆ ಮೀಟರು 22 ತೋರಿಸಿತ್ತು.

ಇಲ್ಲಿಂದ ಮುಂದಿನದೇ ನನಗೆ ಹೆಚ್ಚು ರುಚಿಸಿದ ಭಾಗ. ಎಂಜಿನ್ನಿಗೂ ಕಾಕ್‌ಪಿಟ್ಟಿಗೂ ನಡುವೆ ಒಂದು ಸ್ಟೀಲ್ ತಗಡಿನ ಗೋಡೆ ಇದೆ, ಬೆಂಕಿ ತಡೆಯುವ ಗೋಡೆ. ಆದರೆ ಎಂಜಿನ್ನನ್ನು ಆಳಬೇಕಾದ ತಂತಿ, ಕೇಬಲ್, ಕೊಳವೆಗಳೆಲ್ಲ ಆ ಗೋಡೆಯನ್ನೇ ತೂರಿ ಬರಬೇಕು. ಮೂಗಿನ ಚಕ್ರವನ್ನು ತಿರುಗಿಸುವ ಸರಳುಗಳೂ ಅಲ್ಲಿಂದಲೇ ಹೋಗಬೇಕು. ಐವತ್ತು ವರ್ಷದಲ್ಲಿ ಎಷ್ಟು ರೇಡಿಯೊ ಬದಲಾಗಿವೆ, ಎಷ್ಟು ತಂತಿ ಎಳೆದಿದ್ದಾರೆ, ಎಷ್ಟು ತೆಗೆದಿದ್ದಾರೆ! ಮೇಸ್ತ್ರಿ ಹ್ಯಾಂಗರಿನ ದೀಪಗಳನ್ನೆಲ್ಲ ಆರಿಸಿ, ಎಂಜಿನ್ನಿನ ಬದಿಯಲ್ಲಿ ಒಂದು ಪ್ರಖರ ಲೈಟು ನಿಲ್ಲಿಸಿ, ನನ್ನನ್ನೂ ಹುಡುಗನನ್ನೂ ಒಳಗೆ ಪೆಡಲುಗಳ ಬುಡದಲ್ಲಿ ತಲೆ ಇಟ್ಟು ಮಲಗಿ ಅಂದರು. ಈ ವಯಸ್ಸಿನಲ್ಲಿ ಹಾಗೆ ಮಲಗುವುದಕ್ಕೆ ಐದು ನಿಮಿಷ ಬೇಕಾಯಿತು.

ಮೊದಲು ಕತ್ತಲೆ. ಕಣ್ಣು ಹೊಂದಿಕೊಂಡ ಮೇಲೆ ನಕ್ಷತ್ರಗಳು. ಎಡಗಡೆ ಒಂದು, ಕೇಬಲ್ಲಿನ ರಬ್ಬರ್ ಬಳೆ ಒಣಗಿ ಸೀಳಿದ ಕಡೆ. ಬಲಕ್ಕೆ ಮೇಲೆ ಎರಡು, ಹಳೆಯ ಯಾವುದೋ ಉಪಕರಣ ತೆಗೆದವರು ಬೋಲ್ಟು ಹಾಕದೆ ಬಿಟ್ಟ ತೂತುಗಳು. ಹಂಚಿನ ಮಾಡಿನ ಮನೆಯಲ್ಲಿ ಮಧ್ಯಾಹ್ನ ಮಲಗಿದಾಗ ಒಡೆದ ಹಂಚಿನಿಂದ ಬೀಳುತ್ತಿದ್ದ ಬಿಸಿಲಿನ ನಾಣ್ಯಗಳು ನೆನಪಾದವು.

"ಇಷ್ಟು ಚಿಕ್ಕ ತೂತಿಗೆ ಏನಾಗುತ್ತೋ?" ಅಂದೆ.

"ಸಿಡ್ನಿ ಕಥೆ ಕೇಳಿದೀಯಾ ದೊಡ್ಡಮ್ಮ?" ಅಂದ.

2017ರ ಡಿಸೆಂಬರ್ 31. ಆಸ್ಟ್ರೇಲಿಯಾದ ಸಿಡ್ನಿಯ ಉತ್ತರಕ್ಕೆ ಹಾಕ್ಸ್‌ಬರಿ ನದಿಯ ಜೆರೂಸಲೇಮ್ ಕೊಲ್ಲಿ. ನೀರಿನಿಂದಲೇ ಏರುವ ಬೀವರ್ ವಿಮಾನ ಐವರು ಪ್ರಯಾಣಿಕರನ್ನು ಹೊತ್ತು ಮೇಲೆದ್ದ ಸ್ವಲ್ಪ ಹೊತ್ತಿಗೆ ಬರಬಾರದ ಕಡೆ ತಿರುಗಿ ನೀರಿಗೆ ಬಿತ್ತು. ಪೈಲಟ್ ಸೇರಿ ಆರೂ ಜನ ಹೋದರು. ಅನುಭವಿ ಪೈಲಟ್ ಯಾಕೆ ಹೀಗೆ ಮಾಡಿದ ಅಂತ ತನಿಖೆಯವರಿಗೆ ಬಹುಕಾಲ ಬಗೆಹರಿಯಲಿಲ್ಲ. ಕೊನೆಗೆ ರಕ್ತವನ್ನು ಮತ್ತೆ ಪರೀಕ್ಷೆಗೆ ಕಳಿಸಿದಾಗ ಪೈಲಟ್ಟಿನಲ್ಲೂ ಇಬ್ಬರು ಪ್ರಯಾಣಿಕರಲ್ಲೂ ಕಾರ್ಬನ್ ಮಾನಾಕ್ಸೈಡ್ ಸಿಕ್ಕಿತು. ಹೊಗೆ ಕೂಡಿಸುವ ಉಂಗುರದ ಕೊಳವೆಯಲ್ಲಿ ಹಳೆಯ ಬಿರುಕುಗಳಿದ್ದವು. ಬೆಂಕಿಗೋಡೆಯ ಮುಚ್ಚಳಗಳಲ್ಲಿ ಕೆಲವು ಬೋಲ್ಟುಗಳೇ ಇರಲಿಲ್ಲ. ಹಾರುವ ಮೊದಲು ಪೈಲಟ್ ಬಾಗಿಲು ಅರೆತೆರೆದು ನೀರಿನ ಮೇಲೆ 27 ನಿಮಿಷ ವಿಮಾನ ಓಡಿಸಿದ್ದ, ಆ ಹೊಗೆಯೂ ಅವನಿಗೇ ಸೇರಿರಬೇಕು ಅಂತ ವರದಿ ಹೇಳುತ್ತದೆ.

ಒಂದು ಬಿರುಕು, ಬೋಲ್ಟಿಲ್ಲದ ಒಂದು ತೂತು. ಬಿರುಕು ಮಾತ್ರ ಇದ್ದಿದ್ದರೆ ಹೊಗೆ ಎಂಜಿನ್ನಿನ ಗೂಡಿನಿಂದ ಹಾಗೇ ಗಾಳಿಗೆ ಹೋಗುತ್ತಿತ್ತು. ತೂತು ಮಾತ್ರ ಇದ್ದಿದ್ದರೆ ಒಳಗೆ ಬರುತ್ತಿದ್ದದ್ದು ಬರೀ ಬೆಚ್ಚನೆ ಗಾಳಿ. ಎರಡು ಬೇರೆ ಬೇರೆ ದಿನ, ಬೇರೆ ಬೇರೆ ಕೈಗಳ ಅಸಡ್ಡೆ ಒಂದನ್ನೊಂದು ಹುಡುಕಿಕೊಂಡು ಬಂದು ಸೇರಿದವು. ಇನ್ನೊಂದು ಮಾತು: ಅದು ಸಿಡ್ನಿಯ ನಡುಬೇಸಿಗೆ. ಹೀಟರಿನ ಪ್ರಶ್ನೆಯೇ ಇಲ್ಲ. ಇದು ಚಳಿದೇಶದ ಪೀಡೆ, ಜಕ್ಕೂರಿನ ತರಬೇತಿ ವಿಮಾನಗಳಿಗೆ ಹೀಟರ್ ಗುಂಡಿ ಎಳೆಯುವ ದಿನ ವರ್ಷಕ್ಕೆ ಎಷ್ಟಿದ್ದೀತು ಅಂತ ಅಲ್ಲಿಯವರೆಗೆ ನಾನು ನೆಮ್ಮದಿಯಿಂದ ಯೋಚಿಸುತ್ತಿದ್ದೆ. ನೆಮ್ಮದಿ ಹೋಯಿತು.

ಬೆಂಕಿ ತಾಳುವ ಅಂಟನ್ನು ತೂತುಗಳಿಗೆ ಮೆತ್ತಿ, ರಬ್ಬರ್ ಬಳೆ ಬದಲಿಸಿ, ಮತ್ತೆ ದೀಪ ಆರಿಸಿ ನೋಡಿದರು. ಈ ಸಲ ನಕ್ಷತ್ರವಿಲ್ಲ.

ಮೇಸ್ತ್ರಿಗೆ ಆದರೂ ಸಮಾಧಾನವಿಲ್ಲ. ವಿಮಾನದ ಹೊಟ್ಟೆಯಡಿ ಚಾಪೆ ಹಾಸಿ ನನ್ನನ್ನು ಬಗ್ಗಿಸಿದರು. ಬಲಗಡೆ ಹೊಗೆ ಕೊಳವೆಯ ಬಾಯಿ, ಅಲ್ಲಿಂದ ಹಿಂದಕ್ಕೆ ಬೂದು ಕಪ್ಪು ಪಟ್ಟೆ, ಹೊಗೆ ಹರಿದ ದಾರಿಯ ನಕ್ಷೆ. ಪಟ್ಟೆ ಬಾಗಿಲಿನ ಕೆಳಅಂಚನ್ನು ನೆಕ್ಕಿಕೊಂಡು ಬಾಲದ ಕಡೆ ಹೋಗಿತ್ತು. ಮುಂದಕ್ಕೆ ಓಡುವ ವಿಮಾನದಲ್ಲಿ ಹಿಂದೆ ಹೋದ ಹೊಗೆ ಒಳಗೆ ಹೇಗೆ ಬರುತ್ತದೆ? ಮೇಸ್ತ್ರಿ ಒತ್ತಡ, ಹೀರಿಕೆ ಅಂತ ಏನೇನೋ ವಿವರಿಸಿದರು. ನನಗೆ ಅರ್ಥವಾದದ್ದು ಕೆಂಪು ಬಸ್ಸಿನಿಂದ. ಮಣ್ಣುರಸ್ತೆಯಲ್ಲಿ ಬಸ್ಸು ಮುಂದಕ್ಕೆ ಓಡುತ್ತದೆ, ಧೂಳು ಹಿಂದಕ್ಕೆ ಏಳುತ್ತದೆ, ಆದರೆ ಹಿಂದಿನ ಸೀಟಿನಲ್ಲಿ ಕೂತವರ ತಲೆಯೆಲ್ಲ ಕೆಂಪು. ಓಡುವ ಡಬ್ಬಿಯ ಒಳಗಿನ ಗಾಳಿಯನ್ನು ಹೊರಗಿನ ವೇಗ ಹೀರುತ್ತದೆ, ಖಾಲಿ ತುಂಬಲು ಹಿಂದಿನ ಸಂದಿಯಿಂದ ಧೂಳು ನುಗ್ಗುತ್ತದೆ. ವಿಮಾನದಲ್ಲೂ ಬಾಲದ ಸಂದಿಯಿಂದ, ಸಾಮಾನಿನ ಬಾಗಿಲಿನಿಂದ, ಸವೆದ ರಬ್ಬರ್ ಪಟ್ಟಿಯಿಂದ ಗಾಳಿ ಒಳಗೆ ಬಂದು ಮುಂದಕ್ಕೆ ಹರಿಯುತ್ತದೆ. ಮೂತಿ ಮೇಲೆತ್ತಿ ಏರುವಾಗ ಹೊಗೆ ಹೊಟ್ಟೆಗೆ ಇನ್ನಷ್ಟು ಅಂಟಿಕೊಳ್ಳುತ್ತದೆ. ಉಸಿರು ಕಟ್ಟಿತು ಅಂತ ಕಿಟಕಿ ತೆರೆದರೆ ಕೆಲವು ವಿಮಾನಗಳಲ್ಲಿ ಹೀರಿಕೆ ಹೆಚ್ಚಿ ಇನ್ನಷ್ಟು ವಿಷ ಬರುವುದೂ ಉಂಟು. ಮೀಟರ್ ಕೂಗಿದರೆ ಹೀಟರ್ ಮುಚ್ಚು, ಮುಂದಿನಿಂದ ತಾಜಾ ಗಾಳಿ ತರುವ ಕಿಂಡಿ ತೆರೆ, ಆಮ್ಲಜನಕ ಇದ್ದರೆ ಮೂಗಿಗೆ ಹಿಡಿ, ಹತ್ತಿರದಲ್ಲಿ ಇಳಿ. ಹುಡುಗನಿಗೆ ಇದು ಬಾಯಿಪಾಠ.

ಕೊನೆಗೆ ಉಳಿದದ್ದು ಹಾರಿ ನೋಡುವುದು. ನನ್ನನ್ನು ಹತ್ತಿಸಿಕೊಳ್ಳಲಿಲ್ಲ, ನಾನೂ ಹಟ ಮಾಡಲಿಲ್ಲ. ಹುಡುಗ ಮತ್ತು ಅವನ ಗೆಳೆಯ ಎರಡು ಮೀಟರುಗಳೊಂದಿಗೆ ಹೊರಟರು. ನಾನೂ ಮೇಸ್ತ್ರಿಯೂ ರೇಡಿಯೊ ಎದುರು ಕೂತೆವು. ಮೇಲಿನಿಂದ ಬರುವ ಅಂಕಿ ಬರೆದುಕೊಳ್ಳುವ ಕೆಲಸ ನನಗೆ, ಸ್ಕೆಚ್ ಪೆನ್ನಿನಲ್ಲಿ. ನೆಲದ ಮೇಲೆ ಗಾಳಿಗೆ ಬೆನ್ನು ಮಾಡಿ ನಿಂತಾಗ 9. ಏರುವಾಗ, ಹೀಟರ್ ಮುಚ್ಚಿ, 14. ಸಮನಾಗಿ ಹಾರುವಾಗ 3. ಹೀಟರ್ ತೆರೆದು 3. ನಿಧಾನಕ್ಕೆ, ಮೂತಿ ಎತ್ತಿ, 16.

ಹೀಟರ್ ತೆರೆದರೂ ಮುಚ್ಚಿದರೂ ಮೂರೇ ಅಂದರೆ ಹೊಸ ಸೈಲೆನ್ಸರ್ ನಿರಪರಾಧಿ. ಮೂತಿ ಎತ್ತಿದಾಗ ಏರುತ್ತದೆ ಅಂದರೆ ಕಳ್ಳ ಹೊಟ್ಟೆಯ ಕಡೆಯವನು. ಇಳಿದರು. ಮೇಸ್ತ್ರಿ ಬಲಬಾಗಿಲಿನ ಕೆಳಅಂಚಿಗೆ ಹೊರಗಿನಿಂದ ಅಗಲದ ಟೇಪು ಒತ್ತಿ ಅಂಟಿಸಿದರು. ಇಳಿಯಬೇಕಾದರೆ ಹೇಗೆ ಅಂತ ಗಾಬರಿಯಿಂದ ಕೇಳಿದೆ. ಎಡಬಾಗಿಲು ಇದೆಯಲ್ಲ ಅಂದರು. ಮತ್ತೆ ಹಾರಿದರು. ಏರುವಾಗ 5. ನಿಧಾನಕ್ಕೆ 8.

ಐದು ಡಾಲರಿನ ಟೇಪು ಹೇಳಿದ ಮಾತು ಇದು: ಬಾಗಿಲಿನ ರಬ್ಬರ್ ಸತ್ತಿದೆ, ಬದಲಿಸಿ. ಇಷ್ಟೆಲ್ಲ ಪತ್ತೇದಾರಿಕೆಗೆ ಬೇಕಾದದ್ದು ಒಂದು ವ್ಯಾಕ್ಯೂಮ್ ಕ್ಲೀನರ್, ಸೋಪಿನ ನೀರು, ಒಂದು ಲೈಟು, ಒಂದು ಟೇಪು, ಒಂದು ಮೀಟರು. ಅಮೆರಿಕದ ಅಪಘಾತ ತನಿಖಾ ಮಂಡಳಿ 1982ರಿಂದ 2020ರವರೆಗಿನ ದಾಖಲೆ ತೆಗೆದಾಗ ಈ ವಿಷದಿಂದಾದ 31 ಅಪಘಾತ ಸಿಕ್ಕವು, 42 ಸಾವು. ಆ ಮೂವತ್ತೊಂದರಲ್ಲಿ ಪತ್ತೆಯ ಸಾಧನ ಇದ್ದದ್ದು ಒಂದೇ ವಿಮಾನದಲ್ಲಿ, ಅದೂ ಕೂಗದ ಜಾತಿಯದು. ಕೂಗುವ ಮೀಟರನ್ನು ಕಡ್ಡಾಯ ಮಾಡಿ ಅಂತ ಮಂಡಳಿ 2004ರಲ್ಲಿ ಕೇಳಿತು, 2022ರಲ್ಲಿ ಮತ್ತೆ ಕೇಳಿತು. ಬ್ರಿಟನ್ನಿನಲ್ಲಿ 2025ರ ಜನವರಿಯಿಂದ, ವಿಮಾನ ಹಾರಿಸಲು ಬಾರದವರನ್ನು ಹತ್ತಿಸಿಕೊಳ್ಳುವ ಪಿಸ್ಟನ್ ಎಂಜಿನ್ನಿನ ಬಹುಪಾಲು ಸಣ್ಣ ವಿಮಾನಗಳಿಗೆ ಅದು ಕಡ್ಡಾಯ. ನನಗೆ ಅದು ಸರಿಯಾದ ಗೆರೆ ಅನ್ನಿಸಿತು. ಹಾರಿಸುವವನು ತನ್ನ ತಲೆನೋವಿಗೆ ತಾನು ಹೊಣೆ ಅಂದುಕೊಳ್ಳಲಿ, ಪಕ್ಕದಲ್ಲಿ ಕೂತ ದೊಡ್ಡಮ್ಮನಿಗೆ ಏನು ಗೊತ್ತಿರುತ್ತದೆ?

ಸಂಜೆ ನಾಲ್ಕೂವರೆಗೇ ಕತ್ತಲು ಇಳಿಯಿತು. ಮೇಸ್ತ್ರಿ ವಿಮಾನದ ಜಾತಕದಂಥ ಲಾಗ್‌ಬುಕ್ಕಿನಲ್ಲಿ ಸೈಲೆನ್ಸರ್, ಬೆಂಕಿಗೋಡೆ ಎರಡನ್ನೂ ಬರೆದು ಸಹಿ ಹಾಕಿದರು. ಬಾಗಿಲಿನ ರಬ್ಬರಿಗೆ ಆರ್ಡರ್ ಕೊಟ್ಟರು. ನಿಧಾನದ ಹಾರಾಟದ ಎಂಟು ಎಲ್ಲಿಂದ ಬರುತ್ತಿದೆ ಅಂತ ಹುಡುಗ ಇನ್ನೂ ಬಾಲದ ಹತ್ತಿರ ಟಾರ್ಚು ಹಿಡಿದು ನಿಂತಿದ್ದ. ಎಂಟು ಏನೂ ಅಲ್ಲ, ಮನೆಗೆ ಹೋಗು ಅಂದರು ಮೇಸ್ತ್ರಿ. ಅವನು ಕೇಳಲಿಲ್ಲ. ಬಾಲದ ಕೇಬಲ್ಲುಗಳು ಒಳಗೆ ಹೋಗುವ ಸಂದಿಗೆ ಟೇಪು ಹಾಕಿ ಮುಂದಿನ ಶನಿವಾರ ಇನ್ನೊಮ್ಮೆ ಹಾರುವುದು ಅಂತ ನಿಶ್ಚಯವಾಯಿತು.

ಕಾರು ಹೊರಟು ಗೇಟು ದಾಟಿದ ಮೇಲೆ ಪೆನ್ಸಿಲ್ ಮಗ್ಗಿನಲ್ಲೇ ಉಳಿದದ್ದು ನೆನಪಾಯಿತು. ತಿರುಗಿಸೋಣವೇ ದೊಡ್ಡಮ್ಮ ಅಂದ. ಬೇಡ, ಶನಿವಾರ ಹೇಗೂ ಬರುತ್ತೇವಲ್ಲ ಅಂದೆ.